ಗಾಜಿನ ಬಟ್ಟಲು

"ಇಲ್ಲೊಂದ ಸಹಿ ಹಾಕಿಬಿಡ್ರಿ, ಮಾಸ್ತರ. ಅಲ್ಲಿಗೆ ನಿಮ್ಮ ಪಾರ್ಸಲ್ಲಿನ ಋಣ ಹರೀತು."

ಶಾಂತಯ್ಯ ಕಾಗದವನ್ನು ಮೇಜಿನ ಮೇಲೆ ಅರ್ಧ ಸುತ್ತು ತಿರುಗಿಸಿ, ಅದರ ಮೇಲೆ ಟಾಕು ಇಟ್ಟ. ಲಾರಿ ಪಾರ್ಸಲ್ ಕಂಪನಿಯ ಹುಬ್ಬಳ್ಳಿ ಕಚೇರಿಗೆ ಅವನೇ ಮ್ಯಾನೇಜರ. ಬೆಳಿಗ್ಗೆ ಹಚ್ಚಿಕೊಂಡ ವಿಭೂತಿ ಬೆವರಿಗೆ ಅಲ್ಲಲ್ಲಿ ಕರಗಿ ಹಣೆಯ ಮೇಲೆ ನಕಾಶೆಯ ಹಾಗೆ ಉಳಿದಿತ್ತು.

ಯಮನಪ್ಪ ಟಾಕು ಎತ್ತಿಕೊಂಡ, ಬರೆಯಲಿಲ್ಲ. ಹೊರಗೆ ಹತ್ತಿಯ ಅಂಡಿಗೆ ಇಳಿಸುತ್ತಿದ್ದರು. ಕಿಟಕಿಯಿಂದ ಒಳಗೆ ಬಿದ್ದ ಬಿಸಿಲಿನ ಪಟ್ಟಿಯಲ್ಲಿ ಹತ್ತಿಯ ಸಣ್ಣ ಎಳೆಗಳು ತೇಲುತ್ತಿದ್ದವು. ಒಂದು ಎಳೆ ಕೆಳಗಿಳಿಯುತ್ತ ಇಳಿಯುತ್ತ ಮೇಜಿನ ಹತ್ತಿರ ಬಂದು, ಯಾರೋ ಕರೆದಂತೆ ಮತ್ತೆ ಮೇಲಕ್ಕೆ ಹೋಯಿತು. ಯಾವ ಗಾಳಿ ಅದನ್ನು ಎತ್ತಿತು ಎಂದು ಅವನು ಹುಡುಕತೊಡಗಿದ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ ಇದು ಹಳೆಯ ಚಟ.

"ಮಾಸ್ತರ, ಇಲ್ಲೇ ಅದೀರಿಲ್ಲೋ?"

"ಇದ್ದೇನ್ರಿ," ಎಂದ ಯಮನಪ್ಪ.

ಗೋಡೆಯ ಪಕ್ಕದ ಬೆಂಚಿನ ಮೇಲೆ ಅವನ ತಾಯಿ ಮುತ್ತವ್ವ ಕೂತಿದ್ದಳು. ಮುಂಜಾನೆ ಅವಳನ್ನು ಕಣ್ಣಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗಿದ್ದ. ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇದ್ದದ್ದು ಮುಂದಿನ ಸುಗ್ಗಿಯವರೆಗೆ ಉಳಿದರೆ ದೊಡ್ಡದು ಎಂದು ಡಾಕ್ಟರರು ಅವನೊಬ್ಬನನ್ನೇ ಒಳಗೆ ಕರೆದು ಹೇಳಿದ್ದರು. ಈಗಲೇ ಅವಳಿಗೆ ಎಡಬಲದಲ್ಲಿ ಏನೂ ಕಾಣುತ್ತಿರಲಿಲ್ಲ. ಊದುಗೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಒಂದಿಷ್ಟು ಬೆಳಕು ಉಳಿದಿತ್ತು. ಡಾಕ್ಟರರು ಏನಂದರು ಎಂದು ಅವಳು ಕೇಳಿರಲಿಲ್ಲ. ಟಾಂಗಾದಲ್ಲಿ ಮಗನ ಮುಖವನ್ನೊಮ್ಮೆ ಕೊಳವೆಯೊಳಗೆ ತಂದುಕೊಂಡು ನೋಡಿದ್ದಳು, ಅಷ್ಟೇ.

ಕಳೆದುಹೋದದ್ದು ಒಂದು ಗಾಜು. ಚೀನಾ ಯುದ್ಧ ಶುರುವಾಗುವ ಮೊದಲು, ಗುಜರಿ ಉಸ್ಮಾನಸಾಬನ ಅಂಗಡಿಯಲ್ಲಿ ಯಮನಪ್ಪನಿಗೆ ಎರಡು ದಪ್ಪ ದುಂಡು ಗಾಜುಗಳು ಸಿಕ್ಕಿದ್ದವು. ಮುಂಬಯಿಯಲ್ಲಿ ಒಡೆದ ಯಾವುದೋ ಹಡಗಿನ ಕಿಟಕಿಯವು. ಒಂದರ ಮೇಲೊಂದಿಟ್ಟು, ನಡುವೆ ನೀರು ಮತ್ತು ಗಡಸು ಪುಡಿ ಹಾಕಿ ತಿಕ್ಕುತ್ತ ಹೋದರೆ ಮೇಲಿನ ಗಾಜು ನಡುವೆ ತಗ್ಗಾಗುತ್ತದೆ. ಆ ತಗ್ಗಿಗೆ ಲೋಹದ ಲೇಪ ಕೊಟ್ಟರೆ ದೂರದರ್ಶಕದ ಕನ್ನಡಿ. ಹಿತ್ತಿಲಲ್ಲಿ ಒಂದು ಪೀಪಾಯಿಗೆ ಮಣ್ಣು ತುಂಬಿ, ಅದರ ಮೇಲೆ ಗಾಜು ಕೂಡಿಸಿ, ಸುತ್ತ ತಿರುಗುತ್ತ ತಿಕ್ಕಲು ಆರಂಭಿಸಿದ. ಅವನು ಸಾಲೆಗೆ ಹೋದಾಗ ಮುತ್ತವ್ವ ತಿಕ್ಕಿದಳು. ಬೀಸುಕಲ್ಲಿನ ಮುಂದೆ ಬಾಳು ಸವೆಸಿದವಳ ಕೈಗೆ ಆ ಕೆಲಸ ತಾನಾಗಿ ಒಗ್ಗಿತು. "ಇದು ಮುಗಿದ ಮ್ಯಾಲ ಏನ ಕಾಣ್ತೈತಿ?" ಎಂದು ಕೇಳಿದ್ದಳು. "ಚಂದ್ರನ ಮ್ಯಾಲಿನ ಗುಡ್ಡ ಕಾಣ್ತಾವಬೇ," ಎಂದಿದ್ದ. "ನಮ್ಮ ಸುಳ್ಳ ಊರಾಗ ಒಂದ ಗುಡ್ಡ ಇಲ್ಲ. ಅಲ್ಲಿ ಅದಾವಂತ!" ಎಂದು ನಕ್ಕಿದ್ದಳು. ಆಗ ಅವಳ ಕಣ್ಣಿನ ವಿಷಯ ಇಬ್ಬರಿಗೂ ಗೊತ್ತಿರಲಿಲ್ಲ.

ಬೇಸಿಗೆಯಲ್ಲಿ ಗಾಜು ಮುಗಿಯಿತು. ಅಲ್ಯುಮಿನಿಯಂ ಲೇಪ ಕೊಡಿಸಲು ಪುಣೆಯ ಒಬ್ಬ ಪ್ರಾಧ್ಯಾಪಕರು ಒಪ್ಪಿದ್ದರು. ಕಟ್ಟಿಗೆಯ ಪೆಟ್ಟಿಗೆ ಮಾಡಿಸಿ, ಹತ್ತಿ ಹಾಸಿ ಗಾಜು ಇಟ್ಟು, ಮೇಲೆ ಅರಿವೆ ಹೊಲಿಯುವ ಕೆಲಸ ತಾಯಿಗೆ ಬಿಟ್ಟು, ಮರುದಿನ ಇದೇ ಕಚೇರಿಯಲ್ಲಿ ಕೊಟ್ಟು ಹೋಗಿದ್ದ. ಅದು ಪುಣೆ ಮುಟ್ಟಲಿಲ್ಲ.

ಅಂದಿನಿಂದ ಆ ಪೆಟ್ಟಿಗೆ ಅವನ ನಿದ್ದೆಯಲ್ಲಿ ಓಡಾಡುತ್ತಿತ್ತು. ಒಮ್ಮೆ ಲಾರಿಯ ಮೇಲೆ ತಾಡಪತ್ರಿಯ ಅಡಿಯಲ್ಲಿ ಯಾವುದೋ ಘಟ್ಟ ಇಳಿಯುತ್ತಿತ್ತು. ಒಮ್ಮೆ ಹೆಸರಿಲ್ಲದ ಊರಿನ ಗೋದಾಮಿನಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಕೂತಿತ್ತು. ಇನ್ನೊಮ್ಮೆ ಗಾಜು ಪೆಟ್ಟಿಗೆಯಿಂದ ಹೊರಬಂದು, ಎರೆಹೊಲದ ನಡುವೆ ಕೆರೆಯಾಗಿ ಬಿದ್ದಿತ್ತು. ಅದರ ದಂಡೆಯಲ್ಲಿ ಅವ್ವ ಸೀರೆಯ ನೆರಿಗೆ ಎತ್ತಿ ಹಿಡಿದು, ಕಾಲಿಡಲೋ ಬೇಡವೋ ಎಂದು ನಿಂತಿದ್ದಳು. ಎಚ್ಚರಾದಾಗ ಅವನ ಅಂಗೈಗಳು ಏನನ್ನೋ ತಿಕ್ಕಿದಂತೆ ಬಿಸಿಯಾಗಿರುತ್ತಿದ್ದವು.

ಈಗ ಪರಿಹಾರ ಮಂಜೂರಾಗಿ ಬಂದಿತ್ತು. ಹೊಸ ಗಾಜು ಕೊಳ್ಳಲು ಸಾಕಾಗುವಷ್ಟಿತ್ತು, ಮೇಲಿಷ್ಟು ಉಳಿಯುತ್ತಲೂ ಇತ್ತು. ಆದರೆ ಹೊಸ ಗಾಜನ್ನು ಮೊದಲಿನಿಂದ ತಿಕ್ಕಬೇಕು. ಆ ಹೊತ್ತಿಗೆ ಅವ್ವನ ಕೊಳವೆ ಪೂರಾ ಮುಚ್ಚಿರುತ್ತದೆ. ಅವನು ಟಾಕನ್ನು ಮಸಿಯಲ್ಲಿ ಅದ್ದಿದ.

"ಅಯ್ಯನಾರ, ಬೆಲ್ಲದ್ದೂ ಇದರಾಗ ಹಿಡದೀರೇನು?" ಬೆಂಚಿನಿಂದ ಮುತ್ತವ್ವ ಕೇಳಿದಳು.

ಶಾಂತಯ್ಯ ಕನ್ನಡಕ ಮೇಲೇರಿಸಿದ. "ಯಾವ ಬೆಲ್ಲಬೇ, ಯವ್ವಾ?"

"ಬಟ್ಟಲದಾಗ ಇಟ್ಟಿದ್ದು. ದೊಡ್ಡ ಹೆಂಟಿ ಇತ್ರಿ. ಮಾಲಿಂಗಪುರದ ಬೆಲ್ಲ."

ಯಮನಪ್ಪನ ಟಾಕಿನಿಂದ ಒಂದು ಹನಿ ಮಸಿ ಮೇಜಿನ ಮೇಲೆ ಬಿತ್ತು. "ಯವ್ವಾ! ಗಾಜಿನ ಮ್ಯಾಲ ಬೆಲ್ಲ ಇಟ್ಟಿದ್ಯಾ?"

"ಮತ್ತ? ಮಂದಿ ಮನಿಗೆ ಬಟ್ಟಲ ಬರಿದು ಕಳಸ್ತಾರೇನು? ನಾಕ ಮಂದ್ಯಾಗ ಹುಟ್ಟಿ ಬೆಳೆದಾಂವ ನೀ. ಆ ಪುಣೆದವರು ಏನ ಅಂದಾರು?"

"ಅದು ಬಟ್ಟಲ ಅಲ್ಲಬೇ."

"ತಗ್ಗ ಮಾಡೂದೈತಿ, ತಗ್ಗ ಮಾಡೂದೈತಿ ಅಂತ ವರ್ಷಾನಗಟ್ಲೆ ನನ್ನ ಕೈಲೆ ತಿಕ್ಕಿಸಿದಿ. ತಗ್ಗ ಇದ್ದದ್ದು ಬಟ್ಟಲ ಅಲ್ಲಂದ್ರ ಪರಾತ ಏನು?"

ಬಾಗಿಲಲ್ಲಿ ಅಂಡಿಗೆ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ ಹಮಾಲ ಲಕ್ಕಪ್ಪ ಕಿಸಕ್ಕನೆ ನಕ್ಕ. "ಅಯ್ಯಯ್ಯ, ಅದು ಇರುವಿ ಪೆಟಗಿ!" ಎಂದವನು, ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಶಾಂತಯ್ಯ ಮೆಲ್ಲಗೆ ತಿರುಗಿದ. "ಲಕ್ಕಪ್ಪಾ, ಒಳಗ ಬಾ. ಬಾಗಲಾ ಮುಂದ ಮಾಡು."

ಲಕ್ಕಪ್ಪ ಟವೆಲ್ಲನ್ನು ಎರಡೂ ಕೈಯಲ್ಲಿ ಹಿಂಡುತ್ತ ಹೇಳಿದ. ಬೇಸಿಗೆಯಲ್ಲಿ ಗೋದಾಮಿನ ತಗಡು ಕಾದು ಕೆಂಡವಾಗಿತ್ತು. ಪೆಟ್ಟಿಗೆಯಿಂದ ಪಾಕ ಸೋರಿ, ಅರಿವೆಗೆ ಇರುವೆ ಮುತ್ತಿ, ಇಲಿ ಕಡಿದು, ಹೆಸರು ಊರು ಒಂದೂ ಉಳಿದಿರಲಿಲ್ಲ. "ತಿನ್ನೂ ಮಾಲು ಕೆಟ್ಟರ ಇಟಗೋಬ್ಯಾಡ, ಹೊರಗ ಚೆಲ್ಲು ಅಂತ ನೀವ ಅಂದಿದ್ರಲ್ರಿ. ಬೆಲ್ಲ ಎತ್ತಿಗೆ ಹಾಕಿದೆ. ಗಾಜಿನ ತಾಟು ಛಲೋ ಇತ್ತು, ಒಗ್ಯಾಕ ಮನಸ ಬರಲಿಲ್ಲ. ಚಾದಂಗಡಿ ರೆಹಮತ್‌ಬಿಗೆ ಕೊಟ್ಟೆ, ಹಾಲಿಗೆ ಮುಚ್ಚಾಕ."

"ಎಷ್ಟಕ್ಕ ಕೊಟ್ಟಿ?"

"ಎಷ್ಟಕ್ಕೂ ಇಲ್ರಿ, ನಿಮ್ಮ ಪಾದದಾಣಿ. ಒಂದಿಷ್ಟ ದಿನ ಚಾ ಕುಡಿಸಿದ್ಲು."

ಮುತ್ತವ್ವ, "ಎತ್ತರೆ ತಿಂತಲ್ಲ, ಬಿಡು," ಎಂದಳು.

ಶಾಂತಯ್ಯ ಕುರ್ಚಿ ಮುಂದೆ ಎಳೆದುಕೊಂಡು ದನಿ ಇಳಿಸಿದ. "ಮಾಸ್ತರ, ಹಿಂಗ ನೋಡ್ರಿ. ಸಾಮಾನು ಕಳದೈತಿ ಅಂತ ಹೆಡ್ಡಾಫೀಸಿಗೆ ಬರದು ಮಂಜೂರಿ ತರಿಸೇನಿ. ಬೆಲ್ಲದ ಮಾತ ಎದ್ದರ ತಪ್ಪು ನಿಮಗ ಬರ್ತೈತಿ. ತಾಟಿನ ಮಾತ ಎದ್ದರ ಇವನ ಕೆಲಸ ಹೋಗತೈತಿ, ನನಗೂ ಛೀಮಾರಿ. ನಾ ಏನೂ ಕೇಳಿಲ್ಲ, ನೀವು ಏನೂ ಹೇಳಿಲ್ಲ. ಸಹಿ ಹಾಕಿ ರೊಕ್ಕ ತಗೊಳ್ರಿ. ಆದ್ರ ರೊಕ್ಕ ತಗೊಂಡ ಮ್ಯಾಲ ಆ ತಾಟಿನ ಉಸಾಬರಿ ಬ್ಯಾಡ. ಆಕಿ ಹಾಲಿಗೆ ಮುಚ್ಚಿಗೊಂಡಾಳ, ಮುಚ್ಚಿಗೊಳ್ಳಲಿ."

"ಒಮ್ಮೆ ನೋಡಿ ಬರ್ತೇನ್ರಿ," ಎಂದು ಯಮನಪ್ಪ ಟಾಕು ಕೆಳಗಿಟ್ಟ.

ರೆಹಮತ್‌ಬಿಯ ಚಹಾದಂಗಡಿ ಕಚೇರಿಯ ಅಂಗಳದ ಆಚೆಗೇ ಇತ್ತು. ತಾಯಿಯ ಕೈ ಹಿಡಿದು ಅಲ್ಲಿಗೆ ನಡೆಯುವಾಗ ಯಮನಪ್ಪನಿಗೆ ತಾನು ಇನ್ನೂ ನಿದ್ದೆಯಲ್ಲೇ ಇದ್ದೇನೋ ಅನ್ನಿಸಿತು. ಇಷ್ಟು ದಿನ ಊರೂರು ತಿರುಗಿದ್ದ ಗಾಜು, ಅವನು ದೂರು ಬರೆದುಕೊಟ್ಟ ಮೇಜಿನಿಂದ ಕೂಗಳತೆಯಲ್ಲಿ ಇತ್ತು. ಇಲ್ಲಿಯೇ ಎಷ್ಟೋ ಸಲ, ಒಲೆಯ ಕಡೆ ಕಣ್ಣೆತ್ತದೆ, ಚಹಾ ಕುಡಿದು ಹೋಗಿದ್ದ.

ಒಲೆಯ ಬಾಜುವಿಗೆ ಹಾಲಿನ ಪಾತೇಲಿ. ಅದರ ಮೇಲೆ ಅದು. ಒಳಮುಖಕ್ಕೆ ಹಬೆ ಹಿಡಿದು, ಮೋಡ ಕವಿದ ಹುಣ್ಣಿಮೆಯ ಹಾಗೆ ಬೆಳ್ಳಗೆ ಕಾಣುತ್ತಿತ್ತು. ಇಂಥ ಬಿಸಿಗೆ ಅದು ಹೇಗೆ ಸೀಳಲಿಲ್ಲ ಎಂದು ಅವನು ಬೆರಗಾದ.

"ಬರ್ರಿ ಮಾಸ್ತರ್‌ಸಾಬ. ಎರಡ ಚಾ?"

"ಚಾ ಆಮ್ಯಾಲ. ಆ ಮುಚ್ಚಳಾ ಒಂಚೂರು ಕೊಡ್ರಿ."

"ಮುಚ್ಚಳಾ ಕೊಟ್ಟರ ನೊಣಕ್ಕ ನೀವ ಪಾಠಾ ಹೇಳ್ತೀರೇನು, ಹಾಲಿನ್ಯಾಗ ಬೀಳಬ್ಯಾಡ್ರಿ ಅಂತ?" ರೆಹಮತ್‌ಬಿ ಬಟ್ಟಲು ತೊಳೆಯುವುದನ್ನು ನಿಲ್ಲಿಸಲಿಲ್ಲ. "ಇಂಥಾ ಮುಚ್ಚಳಾ ಹುಬ್ಬಳ್ಳ್ಯಾಗ ಇನ್ನೊಂದಿಲ್ಲ. ಹಾಲು ಉಕ್ಕೂದು ಮ್ಯಾಲಿಂದನ ಕಾಣ್ತೈತಿ."

"ತಂಗಿ, ಅದು ನಾ ತಿಕ್ಕಿದ್ದವಾ," ಎಂದಳು ಮುತ್ತವ್ವ.

ರೆಹಮತ್‌ಬಿ ತಲೆಯೆತ್ತಿ ಅವಳ ಕಣ್ಣು ಎತ್ತ ನೋಡುತ್ತಿದೆ ಎಂದು ಗಮನಿಸಿದಳು. ಸೆರಗಿನಿಂದ ಗಾಜು ಹಿಡಿದು ತೆಗೆದು, ಪಾತೇಲಿಗೆ ಒಂದು ಸಿಲವಾರ ತಾಟು ಮುಚ್ಚಿದಳು. "ಬಿಸಿ ಐತಿ ಅಕ್ಕಾ, ಸಾವಕಾಶ."

ಮುತ್ತವ್ವ ಅಂಚಿನ ಮೇಲೆ ಬೆರಳಾಡಿಸುತ್ತ ಹೋಗಿ, ಒಂದು ಕಡೆ ನಿಲ್ಲಿಸಿದಳು. "ಹೌದು. ಬಾವಿಕಟ್ಟಿಗೆ ಬಡದು ಮುಕ್ಕ ಮಾಡಿದ್ದೆ. ನಿನಗ ಹೇಳಿದ್ದಿಲ್ಲ."

ಯಮನಪ್ಪ ಗಾಜನ್ನು ಬೆಳಕಿಗೆ ಹಿಡಿದ. ಪಾತೇಲಿಯ ಅಂಚು ತಿಕ್ಕಿ ಬಳೆಯಂತೆ ಒಂದು ಗೀರು ಸುತ್ತಿತ್ತು. ಚಮಚೆಯ ಗೀರುಗಳು ಅಡ್ಡಾದಿಡ್ಡಿ. ಕೊನೆಗೆ ನುಣುಪು ಬರಿಸಲು ತಿಂಗಳುಗಟ್ಟಲೆ ರಾಳದ ಮೇಲೆ ಉಜ್ಜಿ, ಉಸಿರು ಬಿಗಿಹಿಡಿದು ತಂದ ಮೈ ಅದು. ಈ ಗೀರುಗಳನ್ನು ತೆಗೆಯಲು ಮತ್ತೆ ಪುಡಿ ಹಾಕಬೇಕು. ಪುಡಿ ಹಾಕಿದರೆ ಮತ್ತೆ ಅಷ್ಟೇ ಕಾಲ. ಇತ್ತ ರೊಕ್ಕ, ಅತ್ತ ಈ ಗಾಜು. ಎರಡು ದಾರಿಯೂ ಸುಗ್ಗಿ ದಾಟಿ ಎಲ್ಲೋ ಹೋಗಿ ಮುಟ್ಟುತ್ತಿದ್ದವು.

ಅವನಿಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಆರುವ ತನಕ ಕಾದು, ಒಂದು ತಂಬಿಗೆ ನೀರು ಕೇಳಿ ಇಸಿದುಕೊಂಡು, ಹಾಲಿನ ಜಿಡ್ಡನ್ನು ಬೂದಿಯಿಂದ ತೊಳೆಯದೆ ಬರಿಗೈಯಿಂದ ತೊಳೆದ. ನೀರು ಬಸಿದು ಹೋದರೂ ನಡುವೆ ತೆಳ್ಳಗೆ ಒಂದು ಪದರು ನಿಂತಿತು. ತಗ್ಗು ಇನ್ನೂ ಇತ್ತು. ಅದನ್ನು ನೋಡುತ್ತಿದ್ದಂತೆ ಅವನು ತಟ್ಟನೆ ಎದ್ದು ಅಂಗಳಕ್ಕೆ ಇಳಿದ.

ಹೊತ್ತು ಪಡುವಣಕ್ಕೆ ವಾಲಿತ್ತು. ಗಾಜನ್ನು ಧೋತರದ ಚುಂಗಿನಿಂದ ಒತ್ತಿ ಒರೆಸಿ, ಎದೆಯ ಮಟ್ಟಕ್ಕೆ ನೆಟ್ಟಗೆ ಹಿಡಿದು, ಸೂರ್ಯನಿಗೆ ಎದುರಾಗಿ ನಿಂತ. ಲೇಪ ಇಲ್ಲದ ಗಾಜು ಬೆಳಕಿನ ಬಹುಪಾಲನ್ನು ತನ್ನ ಮೂಲಕ ದಾಟಿಸಿಬಿಡುತ್ತದೆ. ಚೂರು ಬೆಳಕನ್ನಷ್ಟೇ ತಿರುಗಿಸಿ ಕಳಿಸುತ್ತದೆ. ಚಂದ್ರನಿಗೆ ಅದು ಸಾಲದು. ಸೂರ್ಯನಿಗೆ ಸಾಕಾಗಬಹುದು.

"ಯವ್ವಾ, ಎರಡ ಹೆಜ್ಜಿ ಮುಂದ ಬಾ, ನನ್ನ ಬಾಜೂಕ ನಿಂದರು. ಹಾಂ, ಅಲ್ಲೇ. ಕೈ ಗಾಜಿನ ಮುಂದ ಚಾಚು. ಅಂಗೈ ನಿನ್ನ ಕಡೆ ತಿರುಗಿಸು."

"ಯಾಕೋ, ಬೆಲ್ಲಾ ಕೊಡ್ತೀ ಏನು?"

"ನಿಂದರ ಸ್ವಲ್ಪ."

ಒಂದು ಮಸುಕು ಬೆಳಕು ಅವಳ ತೋಳಿನ ಮೇಲೆ ಹರಿದಾಡಿತು, ಬಳೆಗಳನ್ನು ದಾಟಿತು, ಕೈತಪ್ಪಿ ನೆಲಕ್ಕೆ ಹೋಯಿತು, ಮರಳಿತು. ಅವನು ಅರ್ಧ ಹೆಜ್ಜೆ ಹಿಂದೆ ಸರಿದ. ಬೆಳಕು ಕುಗ್ಗುತ್ತ ಕುಗ್ಗುತ್ತ ಬಟಾಣಿ ಕಾಳಿನಷ್ಟಾಗಿ ಅವಳ ಅಂಗೈಯ ನಡುವೆ ನಿಂತಿತು.

ಅಷ್ಟರಲ್ಲಿ ಅದು ಮಾಯವಾಯಿತು. ಕಾಗದ, ಟಾಕು ಹಿಡಿದುಕೊಂಡು ಶಾಂತಯ್ಯ ಬಂದು ಎದುರಿಗೆ ನಿಂತಿದ್ದ. "ಮಾಸ್ತರ, ಕಚೇರಿ ಮುಚ್ಚೂ ಹೊತ್ತಾತು. ಏನ ಮಾಡ್ತೀರಿ?"

"ಸಾಮಾನು ಸಿಕ್ತು, ತಪ್ಪು ನಮ್ಮ ಕಡಿಂದನ ಆಗಿತ್ತು ಅಂತ ಬರಕೊಳ್ರಿ. ಲಕ್ಕಪ್ಪನ ಹೆಸರು ಬ್ಯಾಡ. ನಾಳೆ ಬಂದು ಸಹಿ ಹಾಕ್ತೇನಿ. ಈಗ ಸ್ವಲ್ಪ ಸರೀರಿ, ಬಿಸಿಲಿಗೆ ಅಡ್ಡಾಗೀರಿ."

ಶಾಂತಯ್ಯ ಕಾಗದ ಮಡಿಚಿ ಕಿಸೆಗೆ ಹಾಕಿಕೊಂಡು ಬದಿಗೆ ಸರಿದ. ರೆಹಮತ್‌ಬಿ ಒದ್ದೆ ಕೈಯಲ್ಲೇ ಹೊರಗೆ ಬಂದಳು.

ಬೆಳಕು ಮತ್ತೆ ಅಂಗೈಗೆ ಬಂತು. ಮುತ್ತವ್ವ ತಲೆಯನ್ನು ಆಚೀಚೆ ಹೊರಳಿಸಿ, ತನ್ನ ಕೊಳವೆಯ ನಡುವೆ ಅದನ್ನು ತಂದುಕೊಂಡಳು.

"ಬೆಚ್ಚಗ ಐತಿ. ಏನಿದು?"

"ಸೂರ್ಯಬೇ. ಅವನ ಚಿತ್ರ."

ಒಂದು ಬಿಳಿಮೋಡದ ಅಂಚು ಸೂರ್ಯನನ್ನು ಸವರಿ ಹೋಯಿತು. ಅವಳ ಅಂಗೈಯಲ್ಲಿಯೂ ಆ ಸಣ್ಣ ದುಂಡಿನ ಒಂದು ಬದಿ ಮಬ್ಬಾಗಿ, ತಿಳಿಯಾಯಿತು. ಅವಳು ಉಸಿರಾಡದೆ ನೋಡಿದಳು. ಆಮೇಲೆ, ಹಾರುವುದನ್ನು ಹಿಡಿಯುವವರ ಹಾಗೆ, ಒಂದೊಂದೇ ಬೆರಳು ಮಡಿಚಿ ಮುಷ್ಟಿ ಮುಚ್ಚಿದಳು. ಸೂರ್ಯ ಮಡಿಚಿದ ಬೆರಳುಗಳ ಮೇಲೆ ಬಂದು ಕೂತ.