ಗುಣ ಮೊದಲು, ದೋಷ ಆಮೇಲೆ

ಓರೆಯಾಗಿ ಬಿದ್ದಿದ್ದ ಯಾರದೋ ಹೂಹಾರವನ್ನು ಜತ್ತಪ್ಪ ಮಾಸ್ಟ್ರು ಎರಡೂ ಕೈಯಲ್ಲಿ ಎತ್ತಿ ನೇರ ಮಾಡಿದರು. ತಮ್ಮದನ್ನು ಇಡಲು ಜಾಗ ಹುಡುಕಬೇಕಾಯಿತು. ಹಾರಗಳ ರಾಶಿಯಿಂದ ಮುಖ ಮಾತ್ರ ಹೊರಗೆ ಹಾಕಿ, ಕೊನೆಯ ಬೆಂಚಿನಲ್ಲಿ ನಿದ್ದೆ ಹೋದವರಂತೆ ತಮ್ಮದೇ ಮನೆಯ ಅಂಗಳದಲ್ಲಿ ಅಜಿತಕುಮಾರ ಮಾಸ್ಟ್ರು ಮಲಗಿದ್ದರು.

"ಶಿರ್ತಾಡಿ ಪೇಟೆಯಿಂದಲೇ ಗಾಡಿ ನಿಂತಿದೆ ಸರ್," ಎಂದರು ಪಕ್ಕದಲ್ಲಿದ್ದ ಅಬೂಬಕ್ಕರ್. "ಬೆಳ್ತಂಗಡಿಯವರು ವ್ಯಾನ್ ಮಾಡಿಕೊಂಡು ಬಂದಿದ್ದಾರೆ."

"ಇವತ್ತು ಆದಿತ್ಯವಾರ ಅಲ್ವಾ? ರಜೆ ಉಂಟು. ಬರ್ತಾರೆ," ಎಂದರು ಜತ್ತಪ್ಪ ಮಾಸ್ಟ್ರು.

ಬಂದವರಲ್ಲಿ ಹೆಚ್ಚಿನವರು ನಿವೃತ್ತರು, ಎಲ್ಲ ದಿನವೂ ರಜೆ ಇದ್ದವರು. ಅಬೂಬಕ್ಕರ್ ಅದನ್ನು ಹೇಳಲಿಲ್ಲ. ಅವರೂ ನಿವೃತ್ತ ಹೆಡ್ಮಾಸ್ಟರೇ. ಆದರೆ ಜತ್ತಪ್ಪ ಮಾಸ್ಟ್ರ ಎದುರಿಗೆ ಈಗಲೂ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು.

ಬಂದವರೆಲ್ಲ ಮೂಡುಬಿದಿರೆಯ ಹತ್ತಿರದ ಒಂದು ಟ್ರೈನಿಂಗ್ ಶಾಲೆಯಲ್ಲಿ ಮೇಷ್ಟ್ರಾಗಲು ಕಲಿತವರು. ನೂರು ವರ್ಷ ದಾಟಿದ ಆ ಶಾಲೆ ಈಗ ಮುಚ್ಚಿದೆ. ಅಲ್ಲಿ ಜತ್ತಪ್ಪ ಮಾಸ್ಟ್ರು ಕಲಿಸುತ್ತಿದ್ದದ್ದು ಗಣಿತ, ಅಜಿತಕುಮಾರ ಮಾಸ್ಟ್ರು ಚರಿತ್ರೆ. ಜತ್ತಪ್ಪ ಮಾಸ್ಟ್ರ ಅಕ್ಷರ ಮುತ್ತು, ಸಮಯ ಗಡಿಯಾರ, ಪಾಠ ತಪ್ಪಿಲ್ಲದ್ದು ಎಂದು ಎಲ್ಲರೂ ಒಪ್ಪುತ್ತಿದ್ದರು. ಒಪ್ಪಿ, ಅಜಿತಕುಮಾರ ಮಾಸ್ಟ್ರ ಮೇಜಿನ ಸುತ್ತ ಹೋಗಿ ನಿಲ್ಲುತ್ತಿದ್ದರು.

*

ಆ ಶಾಲೆಯಲ್ಲಿ ವಿಮರ್ಶಾ ಪಾಠ ಎಂಬುದೊಂದಿತ್ತು. ಕಲಿಯಲು ಬಂದವರು ಒಬ್ಬೊಬ್ಬರಾಗಿ ಮಕ್ಕಳಿಗೆ ಪಾಠ ಮಾಡಬೇಕು; ಉಳಿದವರು ಹಿಂದೆ ಕೂತು ನೋಡಬೇಕು. ಮಕ್ಕಳು ಹೋದ ಮೇಲೆ ವಿಮರ್ಶೆ. ಗುಣ ಮೊದಲು, ದೋಷ ಆಮೇಲೆ. ಮೊದಲ ಹೆಡ್ಮಾಸ್ಟರರು ಹಾಕಿಕೊಟ್ಟ ಆ ಕ್ರಮವನ್ನು, ಗೋಡೆಯ ಫೋಟೋದಲ್ಲಿ ರುಮಾಲು ಸುತ್ತಿ ಕೂತಿದ್ದ ಅವರ ಎದುರಿಗೆ ಮುರಿಯುವ ಧೈರ್ಯ ಯಾರಿಗೂ ಇರಲಿಲ್ಲ.

ಸರಸ ಎಂಬ ಹುಡುಗಿ ಒಂದು ದಿನ ನೇತ್ರಾವತಿ ನದಿಯ ಪಾಠ ಮಾಡಿದ್ದಳು. ಹೆದರಿಕೆಯಲ್ಲಿ ನಕ್ಷೆಯನ್ನು ತಲೆಕೆಳಗೆ ತೂಗಿಹಾಕಿದ್ದಳು. ಜತ್ತಪ್ಪ ಮಾಸ್ಟ್ರು ಗುಣವನ್ನು ಒಂದೇ ವಾಕ್ಯದಲ್ಲಿ ಮುಗಿಸಿ, "ಇನ್ನು ದೋಷಗಳು" ಎಂದು ಗಂಟಲು ಸರಿಮಾಡಿಕೊಂಡರು. ನಕ್ಷೆಗೆ ಬರುವ ಹೊತ್ತಿಗೆ ಹುಡುಗಿ ಅಳುತ್ತಿದ್ದಳು.

ಹಿಂದೆ ತೂಕಡಿಸುತ್ತಿದ್ದ ಅಜಿತಕುಮಾರ ಮಾಸ್ಟ್ರು ಕಣ್ಣು ಬಿಟ್ಟರು. "ನಕ್ಷೆ ಹೇಗೇ ಇರಲಿ ಮಾಸ್ಟ್ರೇ, ಮಳೆಗಾಲದಲ್ಲಿ ನೀರು ನಿಮ್ಮ ಬಂಟ್ವಾಳ ಪೇಟೆಗೇ ನುಗ್ಗುವುದಲ್ವಾ?"

ತರಗತಿ ನಕ್ಕಿತು. ಸರಸ ಅಳುತ್ತಲೇ ನಕ್ಕಳು. ನಗದೆ ಉಳಿದವರು ಇಬ್ಬರೇ: ಜತ್ತಪ್ಪ ಮಾಸ್ಟ್ರು, ಮತ್ತು ಫೋಟೋದ ಹೆಡ್ಮಾಸ್ಟರರು.

ಈ ಮನುಷ್ಯನ ದೋಷಗಳನ್ನು ಒಂದು ದಿನ ಎಲ್ಲರೆದುರು ಹೇಳಬೇಕು ಎಂದು ಜತ್ತಪ್ಪ ಮಾಸ್ಟ್ರು ಅಂದೇ ತೀರ್ಮಾನಿಸಿದರು. ಉಪನ್ಯಾಸಕರಿಗೆ ವಿಮರ್ಶಾ ಪಾಠ ಇರಲಿಲ್ಲ, ಅದೇ ತೊಂದರೆ.

*

"ಹೆಣ ಎತ್ತುವ ಮೊದಲು ನೀವು ನಾಲ್ಕು ಮಾತು ಆಡಬೇಕು ಸರ್," ಎಂದು ಅಬೂಬಕ್ಕರ್ ಬಂದು ಹೇಳಿದರು. "ಒಟ್ಟಿಗೆ ಕೆಲಸ ಮಾಡಿದವರಲ್ಲಿ ಉಳಿದದ್ದು ನೀವೊಬ್ಬರೇ."

ಜತ್ತಪ್ಪ ಮಾಸ್ಟ್ರು ಎದ್ದು ನಿಂತರು. ಅಂಗಳದ ಮಾತು ನಿಂತಿತು. ಸರಳತೆ, ಸ್ನೇಹಶೀಲತೆ, ವಿದ್ಯಾರ್ಥಿಗಳ ಮೇಲಿನ ಪ್ರೀತಿ. ಬಸ್ಸಿನಲ್ಲಿ ಕೂತು ಯೋಚಿಸಿದ್ದನ್ನೆಲ್ಲ ಕ್ರಮವಾಗಿ ಹೇಳಿದರು. ಹೇಳಿ ಮುಗಿಸಿ ಕೂರಬೇಕಿತ್ತು. ಬದಲಿಗೆ ಬೆರಳೆತ್ತಿ ಗಂಟಲು ಸರಿಮಾಡಿಕೊಂಡರು.

"ಇನ್ನು ದೋಷಗಳು."

ನಾಲಿಗೆಗೆ ಅದು ರೂಢಿಯಾಗಿತ್ತು. ಮುಂದಿನ ಸಾಲಿನಲ್ಲಿ ಒಬ್ಬರು ಅಭ್ಯಾಸಬಲದಿಂದ ಜೇಬಿನ ಪೆನ್ನಿಗೆ ಕೈ ಹಾಕಿ, ನಾಚಿ, ಕೈ ಹಿಂದೆಗೆದರು.

ಗಂಡನ ತಲೆಯ ಬಳಿ ಕೂತಿದ್ದ ರಾಜಮತಿ ಮುಖವೆತ್ತಿದರು. "ಹೇಳಿ ಮಾಸ್ಟ್ರೇ. ಇಷ್ಟು ವರ್ಷ ನಾನೊಬ್ಬಳೇ ಹೇಳಿದ್ದು. ಉಪ್ಪು ತರಲಿಕ್ಕೆ ಕಳಿಸಿದರೆ, ಅಂಗಡಿಯವನಿಗೆ ಉಪ್ಪಿನ ಸತ್ಯಾಗ್ರಹದ ಕತೆ ಹೇಳಿ ಬರಿಗೈಯಲ್ಲಿ ಬರುವ ಜನ."

ಯಾರೋ ಕಿಸಕ್ಕೆಂದರು. ತಲೆ ನರೆತ ಸರಸ ಟೀಚರ್ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ನನ್ನ ಪಾಠ ನೋಡಲಿಕ್ಕೆ ಅಂತ ವೇಣೂರಿಗೆ ಹೊರಟವರು ಬಸ್ಸಿನಲ್ಲಿ ನಿದ್ದೆ ಮಾಡಿ ಗುರುವಾಯನಕೆರೆಯಲ್ಲಿ ಇಳಿದಿದ್ದರು," ಎಂದರು. "ಮರುದಿನ ಸಿಕ್ಕಿ, ನಿನ್ನ ಪಾಠ ಭಾರೀ ಲಾಯ್ಕಾಗಿತ್ತು ಅಂದರು ಮಾರಾಯ್ರೆ!"

"ನನ್ನ ಮದುವೆಗೆ ಬಂದು ಬೇರೆ ಮದುವೆಮನೆಯಲ್ಲಿ ಉಂಡು ಹೋಗಿದ್ದಾರೆ," ಎಂದರು ಅಬೂಬಕ್ಕರ್. "ನಮ್ಮ ಬಿರಿಯಾನಿಯ ಮದುವೆಯಲ್ಲಿ ಸಾರು ಯಾಕೆ ಬಡಿಸಿದರು ಅಂತ ಕೂಡ ಸಂಶಯ ಬರಲಿಲ್ಲ."

ಒಂದೊಂದಾಗಿ ಬಂದವು. ರಾಜಮತಿ ನಕ್ಕರು; ನಗುತ್ತಲೇ ಹೆಣದ ಹಣೆಯ ಮೇಲೆ ಕೈಯಿಟ್ಟು ಬಿಕ್ಕಿದರು. ಆಮೇಲೆ ಇಡೀ ಅಂಗಳ ಅತ್ತಿತು. ಜತ್ತಪ್ಪ ಮಾಸ್ಟ್ರು ಹೇಳಬೇಕೆಂದಿದ್ದ ದೋಷಗಳೆಲ್ಲ ಅಷ್ಟರಲ್ಲಿ ಮುಗಿದಿದ್ದವು. ಎತ್ತಿದ ಬೆರಳು ಹಾಗೆಯೇ ಇತ್ತು. ಅದನ್ನು ಅವರೇ ಇಳಿಸಿಕೊಂಡರು. ದೋಷದಲ್ಲೂ ಈ ಪುಣ್ಯಾತ್ಮನೇ ಮುಂದೆ!

*

ಚಿತೆಗೆ ಬೆಂಕಿ ಕೊಟ್ಟಾದ ಮೇಲೆ ದೂರದಿಂದ ಬಂದವರು ಚಹಾಕ್ಕೆಂದು ಪೇಟೆಯ ಹೋಟೆಲಿಗೆ ಹೊರಟರು. ಜತ್ತಪ್ಪ ಮಾಸ್ಟ್ರು ಬೇಕೆಂದೇ ಹಿಂದೆ ಉಳಿದರು. ಅಬೂಬಕ್ಕರ್ ಜೊತೆಗಿದ್ದರು.

"ಅಬೂಬಕ್ಕರ್, ನನ್ನ ದೋಷ ಎಂಥದ್ದು? ಹೇಳು ನೋಡುವ."

ಅಬೂಬಕ್ಕರ್ ದಾರಿಯಲ್ಲೇ ನಿಂತುಬಿಟ್ಟರು. "ನಿಮ್ಮದಾ ಸರ್? ಛೆ! ನಿಮ್ಮಲ್ಲಿ ಎಂಥ ದೋಷ?"

"ಒಂದಾದರೂ ಇರಬೇಕಲ್ಲ ಮಾರಾಯ."

ಅಬೂಬಕ್ಕರ್ ಪ್ರಾಮಾಣಿಕವಾಗಿಯೇ ಯೋಚಿಸಿದರು. ಹಣೆ ಉಜ್ಜಿಕೊಂಡರು. ಹಿಂದೆ ಲೆಕ್ಕ ಬಾರದಿದ್ದಾಗಲೂ ಹೀಗೆಯೇ ಉಜ್ಜಿಕೊಳ್ಳುತ್ತಿದ್ದರು.

"ಇಲ್ಲ ಸರ್," ಎಂದರು ಕೊನೆಗೆ. "ಒಂದೂ ನೆನಪಾಗುವುದಿಲ್ಲ."

ಹೋಟೆಲಿನ ನಗು ರಸ್ತೆಯವರೆಗೂ ಕೇಳುತ್ತಿತ್ತು. ಸರಸ ಟೀಚರ್ ಏನೋ ಹೇಳುತ್ತಿದ್ದರು. ಯಾರೋ ಮೇಜು ಕುಟ್ಟುತ್ತಿದ್ದರು. ಜತ್ತಪ್ಪ ಮಾಸ್ಟ್ರು ಹೊಸ್ತಿಲು ದಾಟಿದರು. ನಗು ನಿಂತಿತು. ಬೆಂಚುಗಳು ಕಿರುಗುಟ್ಟಿದವು. ಬಾಯ್ತುಂಬ ಬನ್ಸ್ ಇದ್ದವರೂ ಸೇರಿ ಎಲ್ಲರೂ ಎದ್ದು ನಿಂತರು.

"ಕೂತ್ಕೊಳ್ಳಿ," ಎಂದರು ಜತ್ತಪ್ಪ ಮಾಸ್ಟ್ರು. ತಮ್ಮ ಧ್ವನಿ ಯಾಚಿಸಿದಂತೆ ಅವರಿಗೇ ಕೇಳಿಸಿತು.

ಎಲ್ಲರೂ ಒಟ್ಟಿಗೆ ಕೂತರು, ಬೆನ್ನು ನೆಟ್ಟಗೆ, ಕೈಗಳನ್ನು ಮೇಜಿನ ಮೇಲೆ ಜೋಡಿಸಿ. ಒಳಗಿನ ಒಲೆಯಲ್ಲಿ ಚಹಾ ಕುದಿಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.