ಹಸಿರು ರವಿಕೆಯ ತೋಳು

ಕೋಡಂಬಾಕ್ಕಂನ ಸ್ಟುಡಿಯೋದ ಉಡುಪಿನ ಕೋಣೆಯಲ್ಲಿ ಸಹಾಯಕಿ ಪೂಂಗಾವನಂ ಹಸಿರು ರವಿಕೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ರವಿಕೆಗೆ ತೋಳೇ ಇರಲಿಲ್ಲ.

ನಿನ್ನೆ ನಾಯಕಿ ಇಂದ್ರಾಣಿ ಬೊಂಬಾಯಿಯಿಂದ ಬಂದವಳೇ, "ಈ ಉಬ್ಬಿದ ಬುಗ್ಗೆ ತೋಳೆಲ್ಲ ನಮ್ಮಜ್ಜಿ ಕಾಲದ್ದು ಕಣೇ. ಎಲ್ಲಾ ರವಿಕೆದೂ ತೆಗೆದುಬಿಡು" ಅಂದಿದ್ದಳು. ಪೂಂಗಾವನಂ ಎದುರಾಡುವ ಹುಡುಗಿಯಲ್ಲ. ಅರ್ಧ ಚಿತ್ರೀಕರಣವಾದ ಹಾಡಿನ ಉಡುಪನ್ನು ಬೇರೆ ಗಂಟು ಕಟ್ಟಿಡುವುದು ಅಲ್ಲಿನ ಕ್ರಮ. ಆ ಗಂಟನ್ನೂ ಬಿಚ್ಚಿ ಕತ್ತರಿ ಹಾಕಿದ್ದಳು. ಕತ್ತರಿಸಿದ ತೋಳನ್ನೇ ಸೀಳಿ ಕಂಕುಳ ಸುತ್ತ ಪಟ್ಟಿ ಹೊಡೆದಿದ್ದಳು.

ದರ್ಜಿ ಏಕಾಂಬರಂ ಮೇಸ್ತ್ರಿ ಒಳಗೆ ಬಂದ. "ಬಾಗಿಲ ಹಾಡು ಇವತ್ತೇ ಮುಗಿಸ್ತಾರಂತೆ. ಹಸಿರು ರವಿಕೆ ಎಲ್ಲಮ್ಮಾ?"

ಅವಳು ಎತ್ತಿ ತೋರಿಸಿದಳು.

"ಅಯ್ಯೋ ಮುರುಗಾ! ಇಂದ್ರಾಣಿಯಮ್ಮ ಬಾಗಿಲಾಚೆ ಬುಗ್ಗೆ ತೋಳಲ್ಲಿ ನಿಂತಿದ್ದನ್ನ ಆಗ್ಲೇ ಶೂಟ್ ಮಾಡಾಗಿದೆ. ಹೊಸಿಲು ದಾಟಿ ಒಳಗೆ ಬರೋವಾಗ ತೋಳು ಹಾರಿಹೋಯ್ತು ಅಂತ ಹಾಡಿಸ್ಲಾ?"

ಹೋದ ವರ್ಷ ಹಾಡಿನ ನಡುವೆ ಬಳೆ ಬದಲಾಯಿತೆಂದು ಒಬ್ಬ ಸಹಾಯಕಿಯನ್ನು ನಿರ್ದೇಶಕರು ಗೇಟಿನಾಚೆ ಅಟ್ಟಿದ್ದರು. ಆಮೇಲೆ ಬೇರೆ ಯಾವ ಸ್ಟುಡಿಯೋವೂ ಅವಳನ್ನು ಸೇರಿಸಿಕೊಳ್ಳಲಿಲ್ಲ.

"ಮಾವ, ನಂದಿದೆಯಲ್ಲ" ಅಂದಳು. ದನಿ ಅವಳಿಗೇ ಕೇಳಿಸಲಿಲ್ಲ.

"ಏನು?"

"ನನ್ನ ರವಿಕೆಯ ತೋಳು. ಇಂದ್ರಾಣಿಯಮ್ಮನದು ನೋಡೇ ಹೊಲ್ಕೊಂಡಿದ್ದು. ಬುಗ್ಗೆನೂ ಅಷ್ಟೇ ಇದೆ."

"ಕುಂಕುಮದ ಬಣ್ಣವಲ್ಲೇ ಅದು!"

"ಕಪ್ಪುಬಿಳುಪು ಸಿನಿಮಾದಲ್ಲಿ ಎರಡೂ ಬೂದಿನೇ ಅಲ್ವಾ ಮಾವ?"

ಮೇಸ್ತ್ರಿ ಅವಳನ್ನೇ ನೋಡಿದ. "ನಾನು ಹೊರಗೆ ನಿಂತಿರ್ತೀನಿ. ಬೇಗ."

ಅವಳು ಚಿಲಕ ಹಾಕಿ, ತನ್ನ ರವಿಕೆ ಬಿಚ್ಚಿ ಸೆರಗು ಸುತ್ತಿಕೊಂಡು, ತೋಳುಗಳ ಹೊಲಿಗೆ ಕಿತ್ತಳು. ಅವನ್ನು ಹಸಿರು ರವಿಕೆಗೆ ಹೊಲಿಯುವಾಗ ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು.

ಕೆಂಪು ತೋಳಿನ ಹಸಿರು ರವಿಕೆ ತೊಟ್ಟು ಇಂದ್ರಾಣಿ ಕನ್ನಡಿ ನೋಡಿ, "ಗಿಳಿ ಆಗ್ಬಿಟ್ಟೆನಲ್ಲೇ!" ಎಂದು ನಕ್ಕಳು. ಪೂಂಗಾವನಂಗೆ ನಗು ಬರಲಿಲ್ಲ.

ದೀಪಗಳು ಹೊತ್ತಿಕೊಂಡವು. ಕ್ಯಾಮೆರಾಮನ್ ಹುಬ್ಬುಗಂಟಿಕ್ಕಿ ತೋಳಿನ ಹತ್ತಿರ ಬಂದರು. ಬಣ್ಣ ಅಳಿಸಿ ಬರೀ ಬೂದಿಯಾಗಿ ತೋರಿಸುವ, ಕೊರಳಲ್ಲಿದ್ದ ಕಂದು ಗಾಜನ್ನು ಕಣ್ಣಿಗೆ ಹಿಡಿದರು. ತೋಳು ನೋಡಿದರು, ಎದೆಯ ಭಾಗ ನೋಡಿದರು, ಮತ್ತೆ ತೋಳು. ಪೂಂಗಾವನಂ ಪರದೆಯ ಹಿಂದೆ ನಿಂತು ನೋಡುತ್ತಿದ್ದಳು.

"ಯಾರಮ್ಮಾ ಹೊಲ್ದಿದ್ದು?"

ಪೂಂಗಾವನಂ ಒಂದು ಹೆಜ್ಜೆ ಮುಂದೆ ಬಂದಳು. "ನಾನು, ಸಾರ್. ಕತ್ತರಿಸಿದ್ದೂ ನಾನೇ."

ಅವರು ಗಾಜು ಇಳಿಸಿದರು. "ಎಡಗಡೆ ಒಂದು ನೂಲು ನೇತಾಡ್ತಿದೆ. ತೆಗೆದುಬಿಡು. ಟೇಕ್ ಹೋಗೋಣ."

ಅವಳು ಬಗ್ಗಿ ಆ ನೂಲನ್ನು ಹಲ್ಲಿನಿಂದ ಕಡಿದಳು.