ಪೀಪಿಯ ಪಾಲಿಗೆ ಮುರಿದ ಕಾಲು

"ಇಷ್ಟು ಬೆಳ್ಳಗೆ ಒಗಿ ಅಂತ ಯಾವನೇ ಹೇಳ್ದ ನಿಂಗೆ? ನೋಡು ಇದನ್ನ! ಒಂದು ಕಲೆ ಇಲ್ಲ, ಒಂದು ಸುಕ್ಕಿಲ್ಲ. ಇದೇನು ಆಸ್ಪತ್ರೆ ಹಾಸಿಗೇನೋ, ಹೊಸ ಮದುಮಕ್ಕಳ ಮಂಚಾನೋ, ಮುಂಡೇದೆ?"

ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ ನಿಂತು, ಮಂಚದ ಬಟ್ಟೆಯೊಂದನ್ನು ಎರಡೇ ಬೆರಳಲ್ಲಿ ಸತ್ತ ಇಲಿಯ ಹಾಗೆ ಎತ್ತಿ ಹಿಡಿದಿದ್ದವನು ಆಸ್ಪತ್ರೆಯ ಮ್ಯಾನೇಜರು. ಕೆಲಸದವರ ಬಾಯಲ್ಲಿ ಅವನಿಗೆ ಇಸ್ತ್ರಿ ಎಂದೇ ಹೆಸರು. ಅವನ ಅಂಗಿಯ ತೋಳಿನ ಗೆರೆಯಲ್ಲಿ ಬೆಣ್ಣೆ ಕತ್ತರಿಸಬಹುದಿತ್ತು. ಆ ಗೆರೆ ಎಳೆಯುತ್ತಿದ್ದವಳೇ ಈಗ ಬೈಸಿಕೊಳ್ಳುತ್ತಿದ್ದವಳು, ಸೋಪಕ್ಕ. ವಾರಕ್ಕೆ ಅವನ ಆರು ಪ್ಯಾಂಟು ಒಗೆದು ಇಸ್ತ್ರಿ ಹಾಕುವುದು ಅವಳ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ; ಆದರೆ ಆರೂ ಪ್ಯಾಂಟುಗಳ ಎಡಜೇಬು ಕೀಲಿಗೊಂಚಲಿನ ಭಾರಕ್ಕೆ ಎಲ್ಲಿ ಹರಿಯುತ್ತದೆ, ಎಷ್ಟು ಹೊಲಿಗೆ ಹಾಕಿದರೆ ತಡೆಯುತ್ತದೆ ಎಂಬುದು ಅವನ ಹೆಂಡತಿಗಿಂತ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಎಂಟು ವರ್ಷ ಕಲೆ ಉಳಿಯಿತೆಂದು ಬೈಸಿಕೊಂಡವಳು ಇವತ್ತು ಕಲೆ ಇಲ್ಲವೆಂದು ಬೈಸಿಕೊಳ್ಳುತ್ತಿದ್ದಳು. ನಗಬೇಕೋ ಅಳಬೇಕೋ ತೋಚದೆ ಕೈಯ ನೊರೆ ಸೀರೆಗೆ ಒರೆಸಿಕೊಂಡಳು.

"ಕಲೆ ಬೇಕಾ ಸಾರ್?"

"ಬೇಕು! ನಾಳೆ ಹತ್ತು ಗಂಟೆಗೆ ತಪಾಸಣೆಯವ್ರು ಬರ್ತಾರೆ. ಮಕ್ಕಳ ವಾರ್ಡು ಆರು ತಿಂಗಳಿಂದ ತುಂಬಿ ತುಳುಕ್ತಿದೆ ಅಂತ ಬರೆದು ಕಳಿಸಿದೀವಿ. ನಿನ್ನ ಬಟ್ಟೆ ನೋಡಿದ್ರೆ ಒಂದು ಮಗೂನೂ ಮಲಗಿಲ್ಲ ಅನ್ನೋ ಹಂಗಿದೆ."

"ಮಲಗಿಲ್ವಲ್ಲ ಸಾರ್."

"ಬಾಯಿ ಮುಚ್ಚು! ಇಪ್ಪತ್ತು ಹಾಸಿಗೆ, ಇಪ್ಪತ್ತು ಥರ ಕಲೆ. ಸಂಜೆ ಒಳಗೆ."

ಯಾವ ವಾರ್ಡಲ್ಲಿ ಏನು ನಡೆಯುತ್ತಿದೆ ಎಂಬುದು ಡಾಕ್ಟರಿಗೆ ರಿಪೋರ್ಟು ಬರುವ ಮೊದಲೇ ಒಗೆಯುವವಳಿಗೆ ಗೊತ್ತಾಗುತ್ತದೆ. ಹೆರಿಗೆಯ ಬಟ್ಟೆ, ವಾಂತಿಯ ಬಟ್ಟೆ, ಯಾರೂ ನೋಡಲು ಬಾರದ ಮುದುಕರ ಬಟ್ಟೆ, ಎಲ್ಲದರ ಗುರುತೂ ಬೇರೆ ಬೇರೆ. ಮಕ್ಕಳ ವಾರ್ಡಿಂದ ಮಾತ್ರ ಈ ಆರು ತಿಂಗಳಲ್ಲಿ ಬಂದದ್ದು ಬರೀ ಧೂಳು.

ಅಂದಿನ ಮಟ್ಟಿಗೆ ಸೋಪಕ್ಕ ಕಲಾವಿದೆಯಾದಳು. ಉಚ್ಚೆಗೆ ತಿಳಿ ಚಹಾ, ಗಾಯಕ್ಕೆ ಅಯೋಡಿನ್, ವಾಂತಿಗೆ ಗಂಜಿಪುಡಿ, ಕೆಮ್ಮಿಗೆ ಅಂಟು ಸಿರಪ್ಪು. ಇಸ್ತ್ರಿ ಒಂದೊಂದನ್ನೂ ಕತ್ತು ಓರೆ ಮಾಡಿ ನೋಡಿದ.

"ಭೇದಿ ಸ್ವಲ್ಪ ಅತಿಯಾಯ್ತು. ಪಕ್ಕದ್ದು ಚೆನ್ನಾಗಿದೆ."

ಎಂಟು ವರ್ಷದಲ್ಲಿ ಅವಳಿಗೆ ಸಿಕ್ಕ ಮೊದಲ ಶಹಬ್ಬಾಸು ಅದು.

ಕಲೆಯಾಯಿತು, ಇನ್ನು ಮಕ್ಕಳು. ಗುಡಿಸುವವರು, ಅಡುಗೆಯವರು, ಕಾವಲಿನವರು, ಎಲ್ಲರೂ ನಾಳೆ ತಂತಮ್ಮ ಮಕ್ಕಳನ್ನು ತರಬೇಕು, ತರದವರು ನಾಡಿದ್ದಿನಿಂದ ಬರಬೇಕಾಗಿಲ್ಲ ಎಂದು ಅಪ್ಪಣೆಯಾಯಿತು. ಉಳಿದವರು ಹೆದರಿ ಒಪ್ಪಿದರು. ಸೋಪಕ್ಕ ಆಸೆಯಿಂದ ಒಪ್ಪಿದಳು.

ಅವಳ ಮಗಳಿಗೆ ಏಳು ವರ್ಷ. ಉಸಿರು ಎಳೆದಾಗಲೆಲ್ಲ ಎದೆಯೊಳಗೆ ಯಾರೋ ಪೀಪಿ ಊದಿದ ಹಾಗೆ ಸದ್ದು ಬರುತ್ತಿದ್ದುದರಿಂದ ಕೇರಿಯವರು ಅವಳನ್ನು ಪೀಪಿ ಎಂದೇ ಕರೆಯುತ್ತಿದ್ದರು. ಹುಡುಗಿಯೂ ಆ ಹೆಸರಿಗೆ ಓಗೊಡುತ್ತಿದ್ದಳು, ಉಸಿರಿದ್ದಾಗ. ಎರಡು ಸಲ ಸೋಪಕ್ಕ ಮಗಳನ್ನು ಸೊಂಟದ ಮೇಲೆ ಹೊತ್ತು, ತಾನು ಒಗೆದ ಬಟ್ಟೆ ಹಾಸಿದ್ದ ಇದೇ ಆಸ್ಪತ್ರೆಯ ಕೌಂಟರಿಗೆ ಹೋಗಿದ್ದಳು. ಮೊದಲ ಸಲ, "ನೀನು ಆಸ್ಪತ್ರೆಯವಳಲ್ಲಮ್ಮ, ಕಂಟ್ರಾಕ್ಟಿನವಳು" ಎಂದರು. ಎರಡನೇ ಸಲ, "ಮಕ್ಕಳ ವಾರ್ಡು ಇನ್ನೂ ಶುರುವಾಗಿಲ್ಲ" ಎಂದರು. ಅವತ್ತೇ ಅವಳು ಗಾಜಿನ ಆಚೆ ಹನ್ನೊಂದನೇ ಹಾಸಿಗೆಯ ಪಕ್ಕ ಅದನ್ನು ಕಂಡಿದ್ದು: ಪ್ಲಾಸ್ಟಿಕ್ ಹೊದ್ದು ಕೂತಿದ್ದ ಹೊಚ್ಚ ಹೊಸ ಹೊಗೆ ಮಿಷನ್ನು. ಮೂಗಿಗೆ ಮುಖವಾಡ ಇಟ್ಟರೆ ಔಷಧಿಯೇ ಹೊಗೆಯಾಗಿ ಎದೆಗಿಳಿಯುತ್ತದಂತೆ. ಅದಕ್ಕೇ ಈ ಸಲ ಹನ್ನೊಂದನೇ ಹಾಸಿಗೆಗೆ ಅವಳು ಹಾಸಿದ್ದು ಎಲ್ಲಕ್ಕಿಂತ ಮೆತ್ತನೆಯ ಬಟ್ಟೆ, ಹಾಕಿದ್ದು ಎಲ್ಲಕ್ಕಿಂತ ಚಿಕ್ಕ ಕಲೆ.

ಮಾರನೇ ದಿನ ಎಂಟು ಗಂಟೆಗೆ ವಾರ್ಡಿನಲ್ಲಿ ಕಾಯಿಲೆ ಹಂಚಿಕೆ ಶುರುವಾಯಿತು. ಹಂಚುವವಳು ಕಿರಿ ಡಾಕ್ಟರು. ಮಕ್ಕಳ ರೋಗ ಓದಿಕೊಂಡು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಈವರೆಗೆ ಒಂದು ಮಗುವಿನ ನಾಡಿಯನ್ನೂ ಹಿಡಿದಿರಲಿಲ್ಲ. ಅವಳ ಸರ್ಟಿಫಿಕೇಟುಗಳು ಇಸ್ತ್ರಿಯ ಬೀರುವಿನಲ್ಲಿ ಭದ್ರವಾಗಿದ್ದವು, ಬೀರುವಿನ ಕೀಲಿ ಅವನ ಎಡಜೇಬಿನಲ್ಲಿ.

ಭೇದಿಯಾಗುತ್ತಿದ್ದ ಮಾಲಿಯ ಮಗನಿಗೆ ಮಲಬದ್ಧತೆ ಬಂತು. ಕಿವಿ ಸೋರುತ್ತಿದ್ದ ಅಡುಗೆಯವಳ ಮಗುವಿಗೆ ಕಣ್ಣಿನ ತೊಂದರೆಯಾಯಿತು. ಕಾವಲುಗಾರನ ಮೆಳ್ಳೆಗಣ್ಣಿನ ಮಗಳ ಹೃದಯದಲ್ಲಿ ರಂಧ್ರ ಬಿತ್ತು. "ರಂಧ್ರ ಅಂದ್ರೆ ತೂತಾ?" ಎಂದು ಕೇಳಿದ ಕಾವಲುಗಾರ ಮಗಳ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತ.

"ಉಬ್ಬಸ ಯಾರು ಮಾಡ್ತೀರಾ?"

ಸೋಪಕ್ಕ ಮಗಳನ್ನು ಮುಂದೆ ತಳ್ಳಿದಳು. "ಇವಳು ಮಾಡೋದಲ್ಲ ಡಾಕ್ಟ್ರಮ್ಮ, ಇವಳಿಗೆ ಇದೆ."

"ಇದ್ರೆ ಏನು ಬಂತು? ಕಾಣ್ಬೇಕಲ್ಲ!" ಎಂದ ಇಸ್ತ್ರಿ. "ಎಲ್ಲಿ, ಮಾಡು ಮರಿ."

ಪೀಪಿಯ ಎದೆ ಅವತ್ತು ಬೆಳಗ್ಗೆ, ಹಾಳಾದ್ದು, ಸಮಾಧಾನವಾಗಿತ್ತು. ಹುಡುಗಿ ನಾಚಿಕೊಂಡು ಉಸಿರೆಳೆದಳು. ಸುಯ್ ಎಂದು ಸಣ್ಣಗೊಂದು ಸದ್ದು ಬಂತು.

"ಥೂ, ಇದೇನೇ? ಬಿಸಿ ಕಾಫಿ ಊದೋ ಹಂಗಿದೆ. ಮುಂದಿನೋರು!"

ಗುಡಿಸುವವಳ ಮಗಳು ಗಿಣಿ ಮುಂದೆ ಬಂದಳು. ಪೀಪಿಯ ಜೀವದ ಗೆಳತಿ, ಕಂಡದ್ದನ್ನೆಲ್ಲ ಅಣಕಿಸುವವಳು. ಲಿಫ್ಟಿನ ಬಾಗಿಲು, ಆಂಬುಲೆನ್ಸು, ಫೋನಿನಲ್ಲಿ ಹೆಂಡತಿಯೊಂದಿಗೆ ಪಿಸುಗುಡುವ ಇಸ್ತ್ರಿ, ಯಾವುದನ್ನೂ ಬಿಟ್ಟವಳಲ್ಲ. ಈಗ ಅವಳು ಹೆಗಲು ಕಿವಿಯವರೆಗೆ ಏರಿಸಿ, ಮೂಗಿನ ಹೊಳ್ಳೆ ಅರಳಿಸಿ, ಕುತ್ತಿಗೆಯ ಗುಂಡಿ ಒಳಗೆ ಸೆಳೆದು, "ಅವ್... ಅವ್ವಾ... ಕಿಟ್... ಕಿಟಕಿ ತೆಗಿ" ಎಂದಳು. ಸೋಪಕ್ಕನಿಗೆ ಗುರುತು ಸಿಕ್ಕಿತು. ಅದು ಹೋದ ಚಳಿಗಾಲದ ಪೀಪಿ. ಒಂದಕ್ಷರ ತಪ್ಪಿರಲಿಲ್ಲ.

ಇಸ್ತ್ರಿ ಚಪ್ಪಾಳೆ ತಟ್ಟಿದ. "ಇದಪ್ಪಾ ಉಬ್ಬಸ ಅಂದ್ರೆ! ಹನ್ನೊಂದಕ್ಕೆ ಹಾಕಿ ಇವಳನ್ನ."

"ಇದು ಪೀಪಿದು ಸಾರ್," ಎಂದಳು ಗಿಣಿ. "ಅವಳಿಂದ ನೋಡಿ ಕಲಿತಿದ್ದು."

"ಕಲಿತಿದೀಯಲ್ಲ, ಸಾಕು. ಆ ಮೂಕಿಗೆ ಹನ್ನೆರಡನೇ ಹಾಸಿಗೆ. ಕಾಲು ಮುರಿದಿದೆ ಅಂತ ಬರ್ಕೊಳಿ. ಅಲ್ಲಾಡದೆ ಬಿದ್ದಿರಲಿ."

"ಸಾರ್, ಆ ಮಿಷನ್ನು..."

"ನಿನ್ನ ಮಗಳಿಗೆ ಕಾಲು ಕೊಟ್ಟಿದೀನಲ್ಲೇ! ಹೃದಯದ ತೂತು ಸಿಕ್ಕೋರೇ ಸುಮ್ನಿದಾರೆ, ನಿಂದೇನು ಗಲಾಟೆ?"

ಕಾಲು ಮುರಿಯಲು ಪಟ್ಟಿಮಾಮ ಬಂದ. ಮೂವತ್ತು ವರ್ಷ ಪ್ಲಾಸ್ಟರ್ ಹಿಟ್ಟು ಕಲಸಿ ಮೂಳೆ ಕೂಡಿಸಿದ ಕೈ. ನೋಡುವುದಕ್ಕೆ ಎರಡು ಸುತ್ತು ಬಟ್ಟೆ ಸುತ್ತಿದರೆ ಸಾಕೆಂದು ಹೇಳಿದ್ದರು. ಅವನು ಮಾಮೂಲಿನಂತೆ ಪೀಪಿಯ ಕಾಲನ್ನು ತೊಡೆಯಿಂದ ಹಿಮ್ಮಡಿಯವರೆಗೆ ಒತ್ತಿ ನೋಡಿದ, ಎಲ್ಲೂ ಮುರಿದಿರದಿದ್ದುದಕ್ಕೆ ಸ್ವಲ್ಪ ಸಂಕೋಚಪಟ್ಟುಕೊಂಡ.

"ಬರೀ ಬಟ್ಟೆ ಸುತ್ತು ಮಾಮ," ಎಂದಳು ಸೋಪಕ್ಕ.

"ಅದೇ ಪ್ರಯತ್ನ ಮಾಡ್ತಿದೀನಿ ಕಣವ್ವಾ. ಕೈ ಕೇಳ್ತಿಲ್ಲ. ಸುಳ್ಳು ಪಟ್ಟಿ ಕಟ್ಟಿ ಅಭ್ಯಾಸ ಇಲ್ಲ ಅದಕ್ಕೆ."

ಹೀಗೆ ಹೇಳುತ್ತಾ ಹೇಳುತ್ತಾ ಅವನು ಹಿಟ್ಟು ಕೊಡವಿದ, ನೆನೆಸಿದ, ಸುತ್ತಿದ, ಸವರಿದ. ತೊಡೆಯಿಂದ ಬೆರಳಿನವರೆಗೆ ಕಲ್ಲಿನಂಥ ಪಟ್ಟಿ ಎದ್ದಿತು. ಅಭ್ಯಾಸಬಲದಿಂದ ಅದರ ಮೇಲೆ ಬಿಚ್ಚುವ ದಿನಾಂಕವನ್ನೂ ಬರೆದ. ಇನ್ನು ಆರು ವಾರ. ಆಮೇಲೆ ತಾನು ಮಾಡಿದ್ದನ್ನು ನೋಡಿ ತಾನೇ ಬೆಚ್ಚಿ, "ಅಯ್ಯೋ, ನನ್ನ ಕೈ ಸೇದಿಹೋಗ" ಎಂದು ಪಟ್ಟಿ ಕೊಯ್ಯುವ ಗರಗಸ ತರಲು ಓಡಿದ. ಗರಗಸವೂ ತಪಾಸಣೆಗೆಂದು ಗಾಜಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಕೂತಿತ್ತು.

ಆ ಹಿಟ್ಟಿನ ಬಿಳಿ ಧೂಳು ಹನ್ನೆರಡನೇ ಹಾಸಿಗೆಯ ಸುತ್ತ ಮಂಜಿನಂತೆ ಇಳಿಯಿತು. ಪೀಪಿ ಒಮ್ಮೆ ಕೆಮ್ಮಿದಳು. ಮತ್ತೊಮ್ಮೆ. ಎದ್ದು ಕೂತು ಮುಂದಕ್ಕೆ ಬಾಗಿದರೆ ಅವಳಿಗೆ ಉಸಿರು ಸಿಗುತ್ತಿತ್ತು. ಆದರೆ ಕಾಲಿನ ಕಲ್ಲು ಏಳಗೊಡಲಿಲ್ಲ. ಒಳಗಿನ ಪೀಪಿ ಮೆಲ್ಲಗೆ ಶ್ರುತಿ ಹಿಡಿಯಿತು.

ಹತ್ತು ಗಂಟೆಗೆ ಸರಿಯಾಗಿ ಮೂವರು ಬಂದರು. ಒಬ್ಬರ ಕೈಯಲ್ಲಿ ಪೆನ್ನು, ಒಬ್ಬರ ಕೈಯಲ್ಲಿ ಹಾಳೆ, ಒಬ್ಬರ ಕೈಯಲ್ಲಿ ಎಳನೀರು. ಬಾಯಿ ಬಿಡದ ಬಂಧುಗಳಾಗಿ ನಿಲ್ಲಲು ಹೆತ್ತವರಿಗೆ ಅಪ್ಪಣೆಯಾಗಿತ್ತು.

"ಹೃದಯ?" ಎಂದರು ಪೆನ್ನಿನವರು.

"ಇದೆ ಸಾರ್."

"ಮೂಳೆ?"

"ಇದೆ ಸಾರ್. ಹನ್ನೆರಡನೇ ಹಾಸಿಗೆ."

"ಔಷಧಿ ಕಪಾಟು?"

"ಅಲ್ಲಿದೆ ಸಾರ್. ಬೀಗ ಹಾಕಿ ಇಟ್ಟಿದೀವಿ." ಗಾಜಿನ ಬಾಗಿಲ ಹಿಂದೆ ಡಬ್ಬಿಗಳು ಅಂಗಡಿಯಲ್ಲಿಟ್ಟ ಹಾಗೆ ಸಾಲಾಗಿದ್ದವು. ಗೀಟು ಬಿತ್ತು.

ಗಿಣಿಯ ಹಾಸಿಗೆಯ ಮುಂದೆ ಮೂವರೂ ನಿಂತೇಬಿಟ್ಟರು. ಮುಖವಾಡದೊಳಗೆ ಹೊಗೆ ಬುಸುಗುಡುತ್ತಿತ್ತು, ಗಿಣಿ ಹೆಗಲು ಕುಣಿಸುತ್ತಿದ್ದಳು. ಎಳನೀರಿನವರು ಮರುಗಿ ಹೀರುವುದನ್ನು ನಿಲ್ಲಿಸಿದರು. "ಪಾಪ, ಎಷ್ಟು ಚೆನ್ನಾಗಿ ಒದ್ದಾಡ್ತಿದೆ ಮಗು."

ಆಗ ಪಕ್ಕದಿಂದ ಕುಂಯ್ಯ್ ಎಂದು ಉದ್ದಕ್ಕೊಂದು ಸದ್ದು ಬಂತು.

"ಅದೇನು ಸದ್ದು?"

"ಟ್ರಾಲಿ ಚಕ್ರ ಸಾರ್," ಎಂದ ಇಸ್ತ್ರಿ.

ಕುಂಯ್ಯ್.

"ಟ್ರಾಲಿ ನಿಂತಿದೆಯಲ್ರಿ?"

"ನಿಂತಲ್ಲೇ ಕೂಗೋ ಅಭ್ಯಾಸ ಸಾರ್ ಅದಕ್ಕೆ."

"ಎಣ್ಣೆ ಹಾಕ್ಸಿ," ಎಂದರು ಪೆನ್ನಿನವರು, ಹಾಗೆಂದು ಬರೆದುಕೊಂಡೂ ಬಿಟ್ಟರು.

ಇಸ್ತ್ರಿ ಹನ್ನೆರಡಕ್ಕೆ ಬಾಗಿ ಹಲ್ಲು ಕಚ್ಚಿ, "ಏಯ್, ನಿನಗೆ ಮುರಿದಿರೋದು ಕಾಲು! ಉಸಿರಾಟದ ತಂಟೆಗೆ ಹೋಗ್ಬೇಡ," ಎಂದ. ಪೀಪಿ ವಿಧೇಯಳಾಗಿ ಬಾಯಿ ಮುಚ್ಚಿಕೊಂಡಳು. ಮುಚ್ಚಿದ ತುಟಿಯ ಅಂಚು ನೀಲಿಗಟ್ಟುತ್ತಿತ್ತು.

ಸೋಪಕ್ಕ ಕಿರಿ ಡಾಕ್ಟರ ಕೋಟು ಹಿಡಿದಳು. "ನೋಡು ತಾಯಿ, ತುಟಿ ನೋಡು."

"ಫೈಲಲ್ಲಿ ಕಾಲು ಅಂತ..." ಎಂದಳು ಕಿರಿ ಡಾಕ್ಟರು. ಆದರೆ ಅವಳ ಕಣ್ಣು ತುಟಿಯನ್ನು ನೋಡಿಬಿಟ್ಟಿತ್ತು.

ಬಣ್ಣ ಎಷ್ಟು ಹೊತ್ತು ಬಿಟ್ಟರೆ ಕೂತುಬಿಡುತ್ತದೆ, ಆಮೇಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ ಎಂಬ ಲೆಕ್ಕ ಸೋಪಕ್ಕನಿಗೆ ಗೊತ್ತಿತ್ತು. ಅವಳು ಬಾಗಿ, ನೆಂದ ಕಂಬಳಿಯ ಮೂಟೆ ಎತ್ತುವ ಹಾಗೆ, ಮಗಳನ್ನು ಕಲ್ಲಿನ ಕಾಲಿನ ಸಮೇತ ಎತ್ತಿದಳು. ಪಟ್ಟಿ ಹೋಗಿ ಎಳನೀರಿಗೆ ಬಡಿಯಿತು. ನೀರು ಮೂವರ ಮೇಲೂ ಸಮನಾಗಿ ಚೆಲ್ಲಿತು. ಗಿಣಿ ಯಾರೂ ಹೇಳುವ ಮೊದಲೇ ಮುಖವಾಡ ಕಿತ್ತು ಗೆಳತಿಯ ಮೂಗಿಗೆ ಒತ್ತಿ, ಹನ್ನೆರಡಕ್ಕೆ ಹಾರಿ, ಕಾಲು ಹಿಡಿದು ಬೊಬ್ಬೆ ಹೊಡೆದಳು: "ಅಯ್ಯಯ್ಯೋ, ನನ್ನ ಕಾಲು!"

ಪೆನ್ನಿನವರು ಕನ್ನಡಕ ಒರೆಸಿಕೊಂಡು ಪೀಪಿಯನ್ನು ನೋಡಿದರು.

"ಇವಳಿಗೆ ಕಾಲೂ, ಉಬ್ಬಸಾನೂ?"

"ಎರಡೂ ಸಾರ್!" ಎಂದ ಇಸ್ತ್ರಿ, ಬೆವರು ಒರೆಸುತ್ತಾ. "ನಮ್ಮಲ್ಲಿ ಎಲ್ಲ ವಿಭಾಗಾನೂ ಒಟ್ಟೊಟ್ಟಿಗೆ ಕೆಲಸ ಮಾಡುತ್ವೆ."

"ಹಾಸಿಗೆ ಇಪ್ಪತ್ತು, ಮಕ್ಕಳು ಇಪ್ಪತ್ತು. ಸರಿ ಇದೆ." ಗೀಟು ಬಿತ್ತು.

ಸೋಪಕ್ಕ ಮಗಳನ್ನು ಹನ್ನೊಂದರಲ್ಲಿ ಒರಗಿಸಿ, ಪಕ್ಕದಲ್ಲಿ ಕೂತು ಕಾದಳು. ಹೊಗೆ ಬುಸುಬುಸು ಒಳಗೆ ಹೋಗುತ್ತಿತ್ತು. ಕುಂಯ್ಯ್ ನಿಲ್ಲಲಿಲ್ಲ. ಕುತ್ತಿಗೆಯ ಗುಂಡಿ ಇನ್ನೂ ಆಳಕ್ಕೆ ಹೋಯಿತು.

"ಇಳೀತಿಲ್ವಲ್ಲ ಡಾಕ್ಟ್ರಮ್ಮ?"

ಕಿರಿ ಡಾಕ್ಟರು ಅವಳ ಕಿವಿಯ ಹತ್ತಿರ ಬಗ್ಗಿದಳು. "ಅದರಲ್ಲಿ ಬರೀ ಉಪ್ಪುನೀರು. ಆ ಹುಡುಗಿಗೆ ಕಾಯಿಲೆ ಇರ್ಲಿಲ್ವಲ್ಲ..."

"ಔಷಧಿ ಎಲ್ಲಿ?"

ಕಿರಿ ಡಾಕ್ಟರ ಕಣ್ಣು ಮೊದಲು ಗಾಜಿನ ಕಪಾಟಿಗೆ ಹೋಯಿತು. ಅಲ್ಲಿಂದ ಇಸ್ತ್ರಿಯ ಎಡಜೇಬಿಗೆ ಬಂದು ನಿಂತಿತು.

ಸೋಪಕ್ಕ ಎದ್ದಳು. ಮೂವರ ಕೋಟಿನ ಎಳನೀರು ಒರೆಸುತ್ತಿದ್ದ ಇಸ್ತ್ರಿಯ ಹತ್ತಿರ ನೇರ ನಡೆದು, ತಂತಿಯ ಮೇಲಿನ ಬಟ್ಟೆಗೆ ಕೈ ಹಾಕುವಷ್ಟೇ ಸಲೀಸಾಗಿ ಅವನ ಎಡಜೇಬಿಗೆ ಕೈ ಹಾಕಿದಳು.

"ಏಯ್! ಏನೇ ಇದು ಬೋಳಿ! ಯಾರ ಜೇಬಿಗೆ..."

"ನಾನು ಹೊಲಿದ ಜೇಬು ಕಣೋ ಇದು," ಎಂದಳು ಸೋಪಕ್ಕ. "ಎಂಟು ವರ್ಷದಿಂದ ನಿನ್ನ ಹೊಲಸು ಒಗೀತಿದೀನಿ. ಕೈ ತೆಗಿ."

ಅವನು ಅವಳ ಮುಂಗೈ ಹಿಡಿದು ತಿರುಚಿದ. ಅವಳು ಎಳೆದಳು. ಅವಳೇ ಹಾಕಿದ್ದ ಹೊಲಿಗೆ ಪರ್ರನೆ ಬಿಟ್ಟಿತು. ಜೇಬು, ಜೇಬಿನ ಜೊತೆ ತೊಡೆಯ ಗೆರೆ, ಮೊಣಕಾಲವರೆಗೆ ಸೀಳಿತು. ಕೀಲಿಗೊಂಚಲು ನೆಲಕ್ಕೆ ಬಿತ್ತು.

"ಸೆಕ್ಯೂರಿಟಿ! ಎತ್ತಾಚೆ ಹಾಕು ಇವಳನ್ನ!"

ಕಾವಲುಗಾರ ಬಂದ. ಕೀಲಿಗೊಂಚಲು ಎತ್ತಿಕೊಂಡ. ಹೃದಯದಲ್ಲಿ ತೂತಿದ್ದ ಮಗಳ ಕಡೆ ಒಮ್ಮೆ ನೋಡಿದ. ಗೊಂಚಲನ್ನು ಸೋಪಕ್ಕನ ಕೈಗಿಟ್ಟು, ಟೋಪಿ ತೆಗೆದು, ಮಗಳ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತ. "ಇವತ್ತು ನಾನು ಬಂಧು ಸಾರ್. ಬಾಯಿ ಬಿಡಂಗಿಲ್ಲ ಅಂತ ನೀವೇ ಹೇಳಿದೀರಿ."

ಇಸ್ತ್ರಿ ಸೀಳಿದ ಪ್ಯಾಂಟನ್ನು ಎರಡು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಹಿಡಿದ ಕೈ ಬಿಡುವ ಹಾಗಿರಲಿಲ್ಲ.

ನಾಲ್ಕನೇ ಕೀಲಿಗೆ ಕಪಾಟು ತೆರೆಯಿತು. ಕಿರಿ ಡಾಕ್ಟರು ಆಗಲೇ ಓಡಿ ಬಂದು, ಇಸ್ತ್ರಿಯ ಕಡೆ ಬೆನ್ನು ಹಾಕಿ, ಸೂಜಿ ಬಿಚ್ಚಿ ಹಿಡಿದು ನಿಂತಿದ್ದಳು. "ನೀಲಿ ಪಟ್ಟಿಯ ಡಬ್ಬಿ. ಒಳಗೆ ಗಾಜಿನ ಸೀಸೆಗಳಿರ್ತವೆ. ಬೇಗ."

ನೀಲಿ ಪಟ್ಟಿಯವು ಹನ್ನೆರಡಿದ್ದವು. ಸೋಪಕ್ಕ ಮೊದಲನೆಯದನ್ನು ಎತ್ತಿದಳು. ಹಗುರ. ತೆರೆದರೆ ಒಳಗೆ ಗಾಳಿ. ಎರಡನೆಯದೂ ಹಗುರ. ಮೂರು, ನಾಲ್ಕು, ಐದು. ಖಾಲಿ ಡಬ್ಬಿಗಳು ಅವಳ ಕಾಲ ಸುತ್ತ ಬಿದ್ದವು.

"ಔಷಧಿ ಕಪಾಟು ನೋಡಿ ಆಯ್ತಲ್ಲ?" ಎಂದರು ಪೆನ್ನಿನವರು, ಹಾಳೆ ತಿರುವುತ್ತಾ. "ಮುಂದಿನದು ಶೌಚಾಲಯ."

ಹಿಂದೆ ಕುಂಯ್ಯ್ ಎಂಬುದು ಸಣ್ಣಗಾಗುತ್ತಿತ್ತು. ಸಣ್ಣಗಾಗುವುದು ಒಳ್ಳೆಯದಲ್ಲವೆಂದು ಕಿರಿ ಡಾಕ್ಟರಿಗೂ ಗೊತ್ತಿತ್ತು, ತಾಯಿಗೂ ಗೊತ್ತಿತ್ತು. ಹಾಸಿಗೆಗಳ ಪಕ್ಕ ನಿಂತಿದ್ದ ತಾಯಂದಿರು ಒಬ್ಬೊಬ್ಬರಾಗಿ ಬಂದು ಕಪಾಟಿಗೆ ಕೈ ಹಾಕಿದರು. ಡಬ್ಬಿಗಳು ಕೈಯಿಂದ ಕೈಗೆ ಹೋಗಿ, ಕುಲುಕಿಸಿಕೊಂಡು, ನೆಲಕ್ಕೆ ಬಿದ್ದವು. ಗಿಣಿ ಮುರಿದ ಕಾಲಲ್ಲೇ ಓಡಿ ಬಂದು ಕೆಳಗಿನ ಅರೆಗೆ ನುಗ್ಗಿದಳು.

ಒಂಬತ್ತನೇ ಡಬ್ಬಿ ಸೋಪಕ್ಕನ ಕೈಗೆ ಬಂತು. ಅವಳು ಅದನ್ನು ಕಿವಿಗೆ ಹಿಡಿದು ಕುಲುಕಿದಳು.

ಒಳಗೆ ಗಾಜು ಗಾಜಿಗೆ ತಾಗಿತು.